ಬೋರ್ಡಿಗೂ ಬಾಯಿ ಇದೆ, ಸಾಹೇಬ್ರೇ

ಓದುಗರ ಪತ್ರ: "ನೀರಾವರಿ ಇಲಾಖೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು ನಾನು. ದೀಪಾವಳಿ ರಜೆಗೆ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಜಾಂಬೋಟಿ ಆಚೆ ಚೋರ್ಲಾ ರಸ್ತೆಯ ಒಂದು ರೆಸಾರ್ಟ್‌ಗೆ ಹೋಗಿದ್ದೆವು. 14 ಕಾಟೇಜುಗಳ ಸಣ್ಣ ಜಾಗ. ಒಂದು ರಾತ್ರಿಗೆ 8,500 ರೂಪಾಯಿ. ಎಲ್ಲರೂ ಮಲಗಿದ ಮೇಲೆ ಬಾಲ್ಕನಿಯಲ್ಲಿ ನಿಂತು ಒಂದೇ ಒಂದು ಸಿಗರೇಟ್ ಸೇದಿದೆ. ಬೆಳಿಗ್ಗೆ ಬಿಲ್‌ನಲ್ಲಿ ಕ್ಲೀನಿಂಗ್ ಚಾರ್ಜ್ ಅಂತ 3,000 ಹಾಕಿದ್ದರು. ಬಾರ್ ಮಾತ್ರ ರಾತ್ರಿಯೆಲ್ಲಾ ನಡೆಯುತ್ತಿತ್ತು! ಕುಡಿಯಬಹುದು, ಸೇದಬಾರದು, ಇದ್ಯಾವ ನ್ಯಾಯ? ರೊಕ್ಕ ಕೊಟ್ಟು ಬಂದ ಗಿರಾಕಿಗೆ ಇಷ್ಟೇನಾ ಮರ್ಯಾದೆ? ಹೀಗೇ ಆದರೆ ಜನ ಗೋವಾಕ್ಕೆ ಹೋಗುತ್ತಾರೆ. ನೀವು ಇದರ ಬಗ್ಗೆ ಖಡಕ್ಕಾಗಿ ಬರೆಯಬೇಕು. ನನ್ನ ಹೆಸರು ಹಾಕಬೇಡಿ. ಆ 3,000 ಎಕ್ಸ್‌ಟ್ರಾ ಬೆಡ್ಡಿನದು ಅಂತ ಮನೆಯಲ್ಲಿ ಹೇಳಿದ್ದೇನೆ." — ಜಮಖಂಡಿಯ ಓದುಗರು

ಸಂಪಾದಕರ ಉತ್ತರ:

ಸಾಹೇಬ್ರೇ, ಖಡಕ್ಕಾಗಿ ಬರೆಯಿರಿ ಅಂದಿದ್ದೀರಿ. ಬರೆಯುತ್ತೇನೆ. ಆದರೆ ನೀವು ಅಂದುಕೊಂಡವರ ಮೇಲೆ ಅಲ್ಲ.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. 3,000 ರೂಪಾಯಿ ಹಾಕುತ್ತೇವೆ ಅಂತ ಬುಕಿಂಗ್ ಮಾಡುವಾಗಲೇ ಹೇಳಬೇಕಿತ್ತು. ಚೆಕ್‌ಔಟ್ ಹೊತ್ತಿಗೆ, ಚೀಲ ಎಲ್ಲ ಗಾಡಿಗೆ ಏರಿಸಿದ ಮೇಲೆ ಬಿಲ್ ತೋರಿಸುವುದು ಸರಿಯಲ್ಲ. ಇಷ್ಟು ನಿಮ್ಮ ಪರವಾಗಿ. ಇನ್ನು ಮುಂದೆ ನಿಮಗೆ ಜಾಸ್ತಿ ಏನೂ ಸಿಗುವುದಿಲ್ಲ. ಒಂದು ಕಪ್ ಚಹಾ ತರಿಸಿಕೊಂಡು ಕೂತು ಓದಿ.

ನಾನೂ ಸೇದುತ್ತಿದ್ದೆ. ಒಂದೆರಡು ವರ್ಷವಲ್ಲ, ಇಪ್ಪತ್ತೆರಡು ವರ್ಷ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವಾಗ ಬಲಗೈಯಲ್ಲಿ ಕೆಂಪು ಪೆನ್ನು, ಎಡಗೈಯಲ್ಲಿ ಸಿಗರೇಟು. ಮನೆಗೆ ಹೋಗುವ ಮುಂಚೆ ಎರಡು ಏಲಕ್ಕಿ ಅಗಿಯುವುದು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂತ ನನ್ನ ಲೆಕ್ಕ.

ಒಮ್ಮೆ ಬದಾಮಿಗೆ ಹೋಗಿದ್ದೆವು. ಹೆಂಡತಿ, ಏಳು ವರ್ಷದ ಮಗ, ನಾನು. ಗುಹೆ, ಅಗಸ್ತ್ಯತೀರ್ಥ ಎಲ್ಲ ಸುತ್ತಿ ರಾತ್ರಿ ಒಂದು ಲಾಡ್ಜ್ ಸೇರಿದೆವು. ಅವರಿಬ್ಬರೂ ಮಲಗಿದರು. ಕಿಟಕಿ ಹತ್ತಿರ ನಿಂತು ಹಚ್ಚಿದೆ. ಹೊಗೆ ಹೋಗಲಿ ಅಂತ ಕಿಟಕಿಯನ್ನು ರಾತ್ರಿಯಿಡೀ ತೆರೆದಿಟ್ಟೆ. ಬದಾಮಿಯಲ್ಲಿ ಕಿಟಕಿ ತೆರೆದಿಟ್ಟರೆ ಏನಾಗುತ್ತದೆ ಅಂತ ಅಲ್ಲಿ ಹೋದವರಿಗೆಲ್ಲ ಗೊತ್ತು. ಬೆಳಿಗ್ಗೆ ಎದ್ದು ನೋಡಿದರೆ ಒಂದು ಮಂಗ ಟೇಬಲ್ ಮೇಲೆ ಕೂತು ನಮ್ಮ ಬಾಳೆಹಣ್ಣು ತಿನ್ನುತ್ತಿತ್ತು. ಅದನ್ನು ನೋಡಿ ನಕ್ಕ ನಮ್ಮ ನಗು ಮುಗಿಯುವ ಮುಂಚೆಯೇ ಮಗ ಹೊದ್ದ ರಗ್ಗನ್ನು ಮೂಗಿಗೆ ಹಿಡಿದು ಕೇಳಿದ: "ಪಪ್ಪಾ, ಈ ರಗ್ಗೂ ಸಿಗರೇಟ್ ಸೇದೈತೇನು?"

ಹೆಂಡತಿ ಏನೂ ಅನ್ನಲಿಲ್ಲ. ರಗ್ಗು ಮಡಚಿ ಇಟ್ಟಳು.

ಆ ಮಗುವಿನ ಪ್ರಶ್ನೆಯನ್ನೇ ಮುಂದೆ ವಿಜ್ಞಾನಿಗಳೂ ಕೇಳಿದರು. ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ಯೂನಿವರ್ಸಿಟಿಯವರು ಕ್ಯಾಲಿಫೋರ್ನಿಯಾದ ಹೋಟೆಲ್‌ಗಳಲ್ಲಿ ಹುಡುಕಾಡಿದರು. ಪೂರ್ತಿ ನಿಷೇಧ ಇದ್ದ 10 ಹೋಟೆಲ್, ಕೆಲವು ರೂಮ್‌ಗಳಲ್ಲಿ ಸೇದಲು ಬಿಡುವ 30 ಹೋಟೆಲ್. ಸಿಗರೇಟ್ ಸೇದದವರನ್ನು ಅಲ್ಲಿ ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ಅರ್ಧಂಬರ್ಧ ನಿಷೇಧದ ಹೋಟೆಲ್‌ಗಳಲ್ಲಿ, 'ಇಲ್ಲಿ ಸೇದುವಂತಿಲ್ಲ' ಅಂತ ಬರೆದ ರೂಮುಗಳೊಳಗೂ ನಿಕೋಟಿನ್ ಜಾಸ್ತಿ ಸಿಕ್ಕಿತು. ಮಲಗೆದ್ದವರ ಬೆರಳ ತುದಿಯಲ್ಲೂ ಅದು ಜಾಸ್ತಿ ಅಂಟಿತ್ತು. ಹೊಗೆ ಹೋದರೂ ಅದರ ಜಿಡ್ಡು ಪರದೆಯಲ್ಲಿ, ಗಾದಿಯಲ್ಲಿ, ಗೋಡೆಯಲ್ಲಿ ಕೂತಿರುತ್ತದೆ. ಹಾಗಾಗಿ ರಗ್ಗೂ ಸೇದಿತ್ತು ಅಂತಲೇ ಅರ್ಥ.

ನೀವು ನಿಂತದ್ದು ಬಾಲ್ಕನಿಯಲ್ಲಿ, ಬಯಲು ಗಾಳಿ ಅನ್ನುತ್ತೀರಿ. ಬಾಲ್ಕನಿ ಬಾಗಿಲ ಆಚೆ ಮೊಮ್ಮಕ್ಕಳು ಮಲಗಿದ್ದರು ಅಲ್ವಾ? ಪಕ್ಕದ ಕಾಟೇಜಿನ ಕಿಟಕಿ ಎಷ್ಟು ದೂರವಿತ್ತು? ಗಾಳಿಗೆ ನಿಮ್ಮ ಬಿಲ್ ಗೊತ್ತಿಲ್ಲ, ಅದು ತನಗೆ ಬೇಕಾದ ಕಡೆ ಹೋಗುತ್ತದೆ. ಬಾರಿನ ಮಾತೂ ಇಲ್ಲೇ ಮುಗಿಯುತ್ತದೆ. ಕುಡಿಯುವುದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ನೀವು ಕುಡಿದ ಪೆಗ್ಗು ಪಕ್ಕದ ಟೇಬಲ್ಲಿನ ಕೂಸಿನ ಹೊಟ್ಟೆಗೆ ಇಳಿಯುವುದಿಲ್ಲ.

ಇನ್ನು ಆ ಕಾಟೇಜನ್ನು ಮಾರನೇ ದಿನ ಗುಡಿಸಿ ಒರೆಸಿದ ಹುಡುಗ. ಅವನ ಸುದ್ದಿ ನಿಮ್ಮ ಪತ್ರದಲ್ಲಿ ಇಲ್ಲ. ನನ್ನನ್ನು ಕೆಣಕಿದ್ದು ಇದೇ.

ಎರಡು ವರ್ಷದ ಹಿಂದೆ ಆ ಕಡೆಯ ಒಂದು ವಸತಿಗೃಹದಲ್ಲಿ ಇಳಿದಿದ್ದೆ. ರೂಮ್ ಬಾಯ್ ಖಾನಾಪುರ ತಾಲೂಕಿನ ಹಳ್ಳಿಯವನು. ಮರಾಠಿ ಬೆರೆಸಿದ ಚಂದದ ಕನ್ನಡ. ಹಿಂದಿನ ಗಿರಾಕಿ ಸೇದಿ ಹೋದ ರೂಮನ್ನು ಮುಂದಿನವರು ಬರುವುದರೊಳಗೆ ಸಜ್ಜು ಮಾಡಬೇಕು. ಅವನ ಹತ್ತಿರ ಇದ್ದದ್ದು ಒಂದು ಸೆಂಟಿನ ಡಬ್ಬಿ. ಪರದೆಗೆ ಪುಸ್ ಪುಸ್ ಅಂತ ಹೊಡೆಯುತ್ತಿದ್ದ, ನಡುನಡುವೆ ಕೆಮ್ಮುತ್ತಿದ್ದ. "ಸೇದಬ್ಯಾಡ್ರಿ ಅಂತ ಹೇಳಬಾರದೇನಪ್ಪಾ?" ಅಂತ ಕೇಳಿದೆ. "ಹ್ಯಾಂಗ ಹೇಳೂದ್ರಿ ಸರ? ರೊಕ್ಕಾ ಕೊಟ್ಟು ಬಂದಾರ" ಅಂದ.

ಹ್ಯಾಂಗ ಹೇಳೂದು! ನಮ್ಮ ಸೀಮೆಯ ರೋಗ ಇದು. ಬಾಯಿ ಜೋರು ಅಂತ ನಮಗೆ ಹೆಸರು. ಆದರೆ ಎದುರಿಗೆ ಕೂತವರಿಗೆ 'ಬ್ಯಾಡ್ರಿ' ಅನ್ನಲು ನಾಲಗೆ ಏಳುವುದಿಲ್ಲ. ಸೊಸೆ ಮಾವನಿಗೆ ಹೇಳಲಾರಳು. ಅಳಿಯ ಬೀಗರಿಗೆ ಹೇಳಲಾರ. ಡ್ರೈವರ್ ಸಾಹೇಬರಿಗೆ ಹೇಳಲಾರ. ಬಸುರಿ ಹೆಂಗಸು ಪಕ್ಕದ ಟೇಬಲ್ಲಿನ ಗಂಡಸಿಗೆ ಹೇಳಲಾರಳು. ಸೆರಗು ಮೂಗಿಗೆ ಹಿಡಿದು ಊಟ ಮುಗಿಸುತ್ತಾಳೆ. ದೇಶದಲ್ಲಿ ಸೇದುವವರು ಎಷ್ಟು ಜನ ಅಂದುಕೊಂಡಿದ್ದೀರಿ? ಸರ್ಕಾರದ 2016-17ರ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 11ಕ್ಕಿಂತ ಕಡಿಮೆ. ಉಳಿದ 89 ಜನ ಸುಮ್ನೆ ಕೂತಿರುತ್ತಾರೆ. ಅವರೆಲ್ಲರ ಪರವಾಗಿ ಬಾಯಿ ತೆರೆಯುವುದು ಗೋಡೆಗೆ ಮೊಳೆ ಹೊಡೆದ ಒಂದು ಬೋರ್ಡು. ಅದಕ್ಕೆ ಸಂಕೋಚವಿಲ್ಲ, ಕೆಲಸ ಹೋಗುವ ಭಯವಿಲ್ಲ.

ಕಾಯ್ದೆ ಮಾಡಿದವರಿಗೆ ಇದು ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ತಂಬಾಕು ಕಾಯ್ದೆ 2003ರದು. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವ ಅದರ ನಿಯಮಗಳು ಜಾರಿಗೆ ಬಂದದ್ದು 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿ ದಿನ. ಬೋರ್ಡು ಕನಿಷ್ಠ 60ಕ್ಕೆ 30 ಸೆಂಟಿಮೀಟರ್ ಇರಬೇಕು ಅಂತ ಅಳತೆ ಕೊಟ್ಟಿದೆ. ಯಾರಿಗೆ ದೂರು ಹೇಳಬೇಕು ಅಂತ ಅವರ ಹೆಸರು ಹಾಕಬೇಕು. ಆ್ಯಶ್‌ಟ್ರೇ, ಬೆಂಕಿಪೊಟ್ಟಣ ಇಡುವಂತಿಲ್ಲ. ದೂರು ಬಂದ ಮೇಲೂ ಸುಮ್ಮನಿದ್ದರೆ ಮಾಲೀಕನಿಗೇ ದಂಡ. 30 ರೂಮ್ ಅಥವಾ ಅದಕ್ಕೂ ಜಾಸ್ತಿ ಇರುವ ಹೋಟೆಲ್ ಬೇಕಾದರೆ ಸೇದುವವರಿಗೆ ಬೇರೆ ಜಾಗ ಮಾಡಬಹುದು. ಮಾಡಲೇಬೇಕು ಅಂತಿಲ್ಲ. ಅದೂ ಸೂರಿನವರೆಗೆ ನಾಲ್ಕು ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆಯನ್ನು ನೇರವಾಗಿ ಹೊರಗೆ ತಳ್ಳುವ ವ್ಯವಸ್ಥೆ ಇದ್ದರೆ ಮಾತ್ರ. ನೀವಿದ್ದ ಕಡೆ 14 ಕಾಟೇಜು ಅಂತ ನೀವೇ ಬರೆದಿದ್ದೀರಿ. ಇಲಾಖೆಯಲ್ಲಿ 34 ವರ್ಷ ನಿಯಮಾವಳಿ ಓದಿದವರು, ಲೆಕ್ಕ ನೀವೇ ಹಾಕಿ. ಸೇದಿದವರಿಗೆ ದಂಡ ಮೊದಲು 200 ರೂಪಾಯಿ ಇತ್ತು, ನಮ್ಮ ರಾಜ್ಯದಲ್ಲಿ 2025ರಲ್ಲಿ 1,000 ಆಗಿದೆ. ನಿಮ್ಮ 3,000 ಆ ದಂಡವಲ್ಲ, ರೆಸಾರ್ಟಿನವರ ಸ್ವಂತ ವಸೂಲಿ. ಅದಕ್ಕೆ ರಸೀದಿ ಕೇಳಿದ್ದರೆ ನಾನು ನಿಮ್ಮ ಬೆನ್ನಿಗೆ ನಿಲ್ಲುತ್ತಿದ್ದೆ.

ಗಿರಾಕಿ ಗೋವಾಕ್ಕೆ ಓಡುತ್ತಾರೆ ಅಂದಿರಿ. ಓಡಲಿ. ಗೋವಾದವರು 1997ರಲ್ಲೇ ಸೇದುವುದಕ್ಕೂ ಉಗುಳುವುದಕ್ಕೂ ಸೇರಿಸಿ ನಿಷೇಧದ ಕಾಯ್ದೆ ಮಾಡಿಕೊಂಡವರು, ನಮಗಿಂತ ಮುಂಚೆ! ಸಿಗರೇಟಿಲ್ಲದೆ ಕಾಫಿ ಕುಡಿಯದ ಜನ ಅಂತ ಹೆಸರಾದ ಫ್ರಾನ್ಸಿನವರು 2025ರ ಜೂನ್ ಕೊನೆಯಿಂದ ಬೀಚಿನಲ್ಲೂ ಪಾರ್ಕಿನಲ್ಲೂ ಸೇದಬಾರದು ಅಂದಿದ್ದಾರೆ. ಐರ್ಲೆಂಡ್‌ನಲ್ಲಿ 2004ರಲ್ಲಿ ಪಬ್‌ಗಳೊಳಗೇ ನಿಷೇಧ ಬಂತು. ಅಲ್ಲಿಯೂ ವ್ಯಾಪಾರ ಮುಳುಗಿತು ಅಂತ ಬೊಬ್ಬೆ ಎದ್ದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೇರೆ ಬೇರೆ ದೇಶಗಳ ಲೆಕ್ಕ ನೋಡಿ, ಇಂಥ ನಿಷೇಧದಿಂದ ಹೋಟೆಲ್, ಬಾರುಗಳ ವ್ಯಾಪಾರ ಕುಸಿಯುವುದಿಲ್ಲ ಅಂತ 2009ರಲ್ಲೇ ಹೇಳಿತು.

ಅಷ್ಟು ದೂರ ಯಾಕೆ? ನಮ್ಮ ಕೆಂಪು ಬಸ್ಸು ನೆನಪಿಸಿಕೊಳ್ಳಿ. ನಾನು ಕಾಲೇಜಿಗೆ ಹೋಗುವಾಗ ವಿಜಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ 'ಧೂಮಪಾನ ನಿಷೇಧಿಸಲಾಗಿದೆ' ಅನ್ನುವ ಅಕ್ಷರದ ಕೆಳಗೇ ಕೂತು ಬೀಡಿ ಹಚ್ಚುತ್ತಿದ್ದರು. ಕಂಡಕ್ಟರ್ ಅವರ ಹತ್ತಿರವೇ ಕಡ್ಡಿಪೆಟ್ಟಿಗೆ ಇಸಿದುಕೊಳ್ಳುತ್ತಿದ್ದ! ಲೋಕಾಪುರ ಬರುವಷ್ಟರಲ್ಲಿ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡುತ್ತಿದ್ದರು. ಈಗ ಹಚ್ಚಿ ನೋಡಿ. ಇಡೀ ಬಸ್ಸು ತಿರುಗಿ ನೋಡುತ್ತದೆ. ಬಸ್ಸು ಖಾಲಿ ಓಡುತ್ತಿದೆಯಾ? ನಿಲ್ಲಲು ಜಾಗ ಸಿಕ್ಕರೆ ಪುಣ್ಯ.

ವಿಜಾಪುರ ಅಂದ ಮೇಲೆ ಇದನ್ನು ಹೇಳದೆ ಇರಲಾರೆ, ವಿಷಯ ಸ್ವಲ್ಪ ಪಕ್ಕಕ್ಕೆ ಸರಿದರೂ ಪರವಾಗಿಲ್ಲ. ಮೊಗಲರ ಆಸ್ಥಾನಕ್ಕೆ ತಂಬಾಕಿನ ಹೊಗೆ ಹೋದದ್ದು ನಮ್ಮ ಊರಿನಿಂದ. ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲ. ಅಕ್ಬರನ ದೂತ ಅಸದ್ ಬೇಗ್ ವಿಜಾಪುರಕ್ಕೆ ಬಂದಾಗ ತಂಬಾಕು ಕಂಡ. ಅಂಥದನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ರತ್ನ ಕೂರಿಸಿದ ಕೊಳವೆಯೊಂದನ್ನು ಸಜ್ಜುಮಾಡಿ 1604-05ರ ಸುಮಾರಿಗೆ ಬಾದಶಹನ ಮುಂದೆ ಇಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ಗಾಬರಿಯಾಗಿ ಬೇಡ ಅಂದ. ಬಾದಶಹ ಆಮೇಲೆ ಅದರ ತಂಟೆಗೆ ಹೋಗಲಿಲ್ಲ. ಸರದಾರರು ಮಾತ್ರ ಬಿಡಲಿಲ್ಲ, ವ್ಯಾಪಾರಿಗಳು ಮಾರತೊಡಗಿದರು, ಹೊಗೆ ಹಬ್ಬಿತು. ಮಗ ಜಹಾಂಗೀರ್ 1617ರಲ್ಲಿ ನಿಷೇಧ ಹಾಕಬೇಕಾಯಿತು. ನನಗೆ ಇದರಲ್ಲಿ ಹಿಡಿಸಿದ್ದು ಹಕೀಮ. ಇಡೀ ದರ್ಬಾರು ನೋಡುತ್ತಿರುವಾಗ ಅಕ್ಬರನಂಥವನಿಗೆ 'ಬೇಡ' ಅಂದನಲ್ಲ! ನಾವು ಒಬ್ಬ ಕಾರ್ಪೊರೇಟರ್‌ಗೆ ಅನ್ನಲಾರೆವು.

ತಂಬಾಕು ಬೆಳೆಯುವ ನಿಪ್ಪಾಣಿಯವರು ಈಗ ನನ್ನ ಮೇಲೆ ಮುನಿಸಿಕೊಳ್ಳಬಹುದು. ನಿಮ್ಮದೇ ಸೀಮೆಯ ಬೆಳೆ, ನಿಮ್ಮದೇ ಜನ ಅನ್ನಬಹುದು. ಅವರ ಕಷ್ಟ ನನಗೆ ಗೊತ್ತು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋದವು. ಆದರೆ ವಖಾರದಲ್ಲಿ ಕೂತು ಘಾಟು ಕುಡಿಯುತ್ತಾ ತಂಬಾಕು ಹಸನು ಮಾಡುವ ಹೆಂಗಸರ ಕೆಮ್ಮು ಕೇಳಿದ್ದೀರಾ? ಅವರೂ 'ಹ್ಯಾಂಗ ಹೇಳೂದ್ರಿ' ಅನ್ನುವವರೇ.

ಹೊಗೆ ಒಂದೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ರೊಕ್ಕ ಕೊಟ್ಟೆ ಅಂದಮೇಲೆ ಸುತ್ತಲಿನ ಗಾಳಿ, ಗೋಡೆ, ಕಿವಿ ಎಲ್ಲ ನನ್ನದೇ ಅನ್ನುವ ಬುದ್ಧಿ ಇದೆಯಲ್ಲ, ಅದು ನನಗೆ ಆಗಿಬರುವುದಿಲ್ಲ. ಗುಟ್ಕಾ ಈ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡು ಹಳೇ ಸ್ಮಾರಕಗಳ ಮೂಲೆಗೆ ಕೆಂಪು ಬಣ್ಣ ಬಳಿಯುತ್ತಾರೆ. ಗೋಳಗುಮ್ಮಟಕ್ಕೆ ಹೋಗಿ. ಪಿಸುಗುಟ್ಟಿದ್ದು ಎದುರು ಗೋಡೆಗೆ ಕೇಳುವಂಥ ಜಾಗ. ಅಲ್ಲಿ ಸಿಳ್ಳೆ, ಕೂಗು. ಪಿಸುಮಾತು ಕೇಳಬೇಕು ಅಂತ ಮೆಟ್ಟಿಲು ಹತ್ತಿ ಬಂದ ಮುದುಕರೊಬ್ಬರು ಕಿವಿ ಮುಚ್ಚಿಕೊಂಡು ಇಳಿದದ್ದನ್ನು ನಾನೇ ಕಂಡಿದ್ದೇನೆ. ಗೋಕಾಕ ಜಲಪಾತದ ಬಂಡೆ ಮೇಲೆ ಬಾಟಲಿ ಒಡೆಯುತ್ತಾರೆ. ನೀವಿದ್ದ ಚೋರ್ಲಾ ಕಡೆಯ ಕಾಡಿನಲ್ಲಿ ಮಾರ್ಚ್ ಹೊತ್ತಿಗೆ ಹುಲ್ಲು ಹಪ್ಪಳದಂತೆ ಒಣಗಿರುತ್ತದೆ. ಅಲ್ಲಿ ಕಾರಿನ ಕಿಟಕಿಯಿಂದ ಉರಿಯುವ ತುಂಡು ಎಸೆದು ಹೋಗುವವರಿದ್ದಾರೆ. ಮೊನ್ನೆ ರೈಲಿನಲ್ಲಿ ಒಬ್ಬ ಮೊಬೈಲ್ ಸ್ಪೀಕರ್ ಹಾಕಿ ಹುಬ್ಬಳ್ಳಿವರೆಗೆ ಹಾಡು ಕೇಳಿಸಿದ. ಇಡೀ ಬೋಗಿ ಕೇಳಿತು. ಯಾರೂ ಏನೂ ಅನ್ನಲಿಲ್ಲ. ಯಾಕೆ ಸುಳ್ಳು ಹೇಳಲಿ, ನಾನೂ ಅನ್ನಲಿಲ್ಲ.

ನಾನು ಬಿಟ್ಟದ್ದು ಬದಾಮಿಯಿಂದ ಬಂದ ಮೇಲೆ. ಕೂಡಲೇ ಅಲ್ಲ, ಮೂರು ಸಲ ಬಿಟ್ಟು ಮೂರು ಸಲ ಹಿಡಿದು, ನಾಲ್ಕನೇ ಸಲ. ಬಿಟ್ಟ ಮೇಲೆ ಒಂದು ದಿನ ದೊಡ್ಡ ಸಾಧನೆ ಎಂಬಂತೆ ಹೆಂಡತಿಗೆ ಹೇಳಿದೆ: ಇಷ್ಟು ವರ್ಷ ನಿನಗೆ ಗೊತ್ತಾಗದ ಹಾಗೆ ದಿನಕ್ಕೆ ಹತ್ತು ಸೇದುತ್ತಿದ್ದೆ, ಈಗ ಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಹತ್ತಲ್ಲ, ಹದಿನೈದು" ಅಂದಳು. ಏಲಕ್ಕಿ ಡಬ್ಬಿ ತಿಂಗಳಿಗೆ ಎಷ್ಟು ಸಲ ಖಾಲಿಯಾಗುತ್ತದೆ ಅಂತ ಅವಳಿಗೆ ಲೆಕ್ಕವಿತ್ತು.

ನಿಮ್ಮ ಹೆಸರು ಹಾಕಿಲ್ಲ, ನೀವು ಕೇಳಿದ ಹಾಗೇ. ಎಕ್ಸ್‌ಟ್ರಾ ಬೆಡ್ಡಿನ ಮಾತು ಮಾತ್ರ ಪತ್ರದ ಜೊತೆಗೇ ಅಚ್ಚಾಗಿಬಿಟ್ಟಿದೆ. ಪತ್ರಿಕೆ ಮನೆಗೆ ಬಂದ ದಿನ ಮೊದಲು ನಿಮ್ಮ ಕೈಗೇ ಸಿಗುವ ಹಾಗೆ ನೋಡಿಕೊಳ್ಳಿ. ಆದರೂ ಸಾಹೇಬ್ರೇ, ಆ ರಾತ್ರಿ ಕಾಟೇಜಿನಲ್ಲಿ ಎಷ್ಟು ಹಾಸಿಗೆ ಇದ್ದವು ಅಂತ ನಿಮ್ಮ ಮನೆಯವರು ಎಣಿಸಿಲ್ಲ ಅಂದುಕೊಂಡಿದ್ದೀರಾ?