ರೇಡಿಯೋಹೆಡ್: ಯಾವ ಆಲ್ಬಮ್ ಮೇಲು? ಓದುಗರ ಜಗಳ, ನಮ್ಮ ಪಂಚಾಯ್ತಿ

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ತಂಡದ ಬಗ್ಗೆ ಬರೆಯುತ್ತ, ಹೊಸದಾಗಿ ಕೇಳುವವರು 1997ರ ‘ಓಕೆ ಕಂಪ್ಯೂಟರ್’ನಿಂದ ಶುರು ಮಾಡಲಿ ಎಂದಿದ್ದೆವು. ಆ ಒಂದು ಸಾಲಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಪ್ಪಿಗೆಗಿಂತ ತಕರಾರೇ ಹೆಚ್ಚು. ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ತಂಡದ ಪರಿಚಯ ಇಲ್ಲದವರಿಗೆ ಇಷ್ಟು ಸಾಕು: ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಊರಿನ ಶಾಲೆಯಲ್ಲಿ 1985ರಲ್ಲಿ ಕೂಡಿದ ಐದು ಹುಡುಗರು, 1993ರಿಂದ 2016ರವರೆಗೆ ಒಂಬತ್ತು ಸ್ಟುಡಿಯೋ ಆಲ್ಬಮ್, ಒಂಬತ್ತರಲ್ಲೂ ಅದೇ ಐವರು.

ಪ್ರಶ್ನೆ: ನಾ ‘ಇನ್ ರೇನ್‌ಬೋಸ್’ ಅಂತೀನಿ, ಗೆಳೆಯ ‘ಓಕೆ ಕಂಪ್ಯೂಟರ್’ ಬಿಟ್ಟು ಮುಂದ ಬರವಲ್ಲ. ಎರಡು ವರ್ಷದಿಂದ ಇದೇ ಜಗಳ ನಡದೈತಿ. ಒಂದು ತೀರ್ಮಾನ ಕೊಟ್ಟು ಬಿಡ್ರಿ. – ಟಿಳಕವಾಡಿ, ಬೆಳಗಾವಿ

ಉತ್ತರ: ಇಬ್ಬರೂ ಸರಿ ಎಂದು ಜಾರಿಕೊಳ್ಳುವುದಿಲ್ಲ. ಇಡೀ ಆಲ್ಬಮ್ ತೂಗಿದರೆ ನೀವು ಗೆದ್ದಿರಿ. ಮೊದಲ ಆರು ಹಾಡಿಗಷ್ಟೇ ಪಂದ್ಯ ಕಟ್ಟಿದರೆ ಗೆಳೆಯರು ಗೆದ್ದರು.

‘ಏರ್‌ಬ್ಯಾಗ್’ನಿಂದ ‘ಕರ್ಮ ಪೊಲೀಸ್’ವರೆಗೆ, ‘ಓಕೆ ಕಂಪ್ಯೂಟರ್’ನ ಮೊದಲ ಆರು ಹಾಡಿನ ಓಟವನ್ನು ಈ ತಂಡ ಮತ್ತೆಂದೂ ಓಡಿಲ್ಲ. ನಾಲ್ಕನೆಯದಾದ ‘ಎಕ್ಸಿಟ್ ಮ್ಯೂಸಿಕ್’ ಒಂದನ್ನೇ ತೆಗೆದುಕೊಳ್ಳಿ. ಬಾತ್ ಪಟ್ಟಣದ ಹತ್ತಿರ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಎಂಬ ಹಳೆಯ ಬಂಗಲೆ ಇದೆ. ಅಲ್ಲಿಯ ಕಲ್ಲಿನ ಮೆಟ್ಟಿಲಲ್ಲಿ ತಂಡದ ಗಾಯಕ ಥಾಮ್ ಯಾರ್ಕ್ ಇದನ್ನು ಹಾಡಿದ್ದು. ದನಿಯ ಬೆನ್ನಿಗಿರುವ ಗುಂಗು ಯಂತ್ರದ್ದಲ್ಲ, ಕಲ್ಲಿನದು. ಗೋಳಗುಮ್ಮಟ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳನೆಯ ‘ಫಿಟರ್ ಹ್ಯಾಪಿಯರ್’ನಲ್ಲಿ ಆಪಲ್ ಕಂಪ್ಯೂಟರಿನ ದನಿ ಸುಮಾರು ಎರಡು ನಿಮಿಷ ಬರೀ ಓದುತ್ತದೆ. ಅದು ಬೇಕೆಂದೇ ಇಟ್ಟ ಗೋಡೆ, ಒಪ್ಪೋಣ. ಅದರ ಆಚೆ ‘ಎಲೆಕ್ಷನೀರಿಂಗ್’ ಬರುತ್ತದಲ್ಲ, ಅದು 1995ರ ‘ದ ಬೆಂಡ್ಸ್’ ಕಾಲದ ಗಿಟಾರ್ ಗದ್ದಲ. ಓಟ ಮುಗ್ಗರಿಸುವುದು ಅಲ್ಲಿಯೇ. ‘ನೋ ಸರ್‌ಪ್ರೈಸಸ್’, ‘ಲಕ್ಕಿ’ ಬಂದು ಎತ್ತಿ ಹಿಡಿಯುತ್ತವೆ ನಿಜ, ಆದರೆ ‘ಲಕ್ಕಿ’ 1995ರಲ್ಲೇ ಒಂದು ಸಹಾಯಾರ್ಥ ಸಂಕಲನಕ್ಕಾಗಿ ರೆಕಾರ್ಡ್ ಆಗಿದ್ದ ಹಾಡು.

2007ರ ‘ಇನ್ ರೇನ್‌ಬೋಸ್’ನಲ್ಲಿ ಹತ್ತೇ ಹಾಡು, 42 ನಿಮಿಷ ಚಿಲ್ಲರೆ. ದಾಟಿಸಿ ಕೇಳಬೇಕೆನಿಸುವುದು ಒಂದೂ ಇಲ್ಲ. ಮೂರನೆಯ ‘ನ್ಯೂಡ್’ ಹುಟ್ಟಿದ್ದು ‘ಓಕೆ ಕಂಪ್ಯೂಟರ್’ ಕಾಲದಲ್ಲಿ. ಹತ್ತು ವರ್ಷ ಕೈಗೆ ಬಗ್ಗದೆ ಉಳಿದು, ವೇಗವೆಲ್ಲ ಇಳಿದ ಮೇಲೆ ಇಲ್ಲಿ ಕೂತಿತು. ಮಾಗಿದ ಕೈ ಎಂದರೆ ಇದು.

ಒಂದು ಎಚ್ಚರಿಕೆ. ಎರಡನ್ನೂ ಒಂದಾದ ಮೇಲೊಂದು ಹಚ್ಚಿ ಹೋಲಿಸುತ್ತಿದ್ದರೆ ಮೊದಲು ಸದ್ದು ಸಮ ಮಾಡಿಕೊಳ್ಳಿ. ‘ಇನ್ ರೇನ್‌ಬೋಸ್’ ಮಾಸ್ಟರಿಂಗ್ (ಕೊನೆಯ ಹಂತದಲ್ಲಿ ಸದ್ದು ಹೊಂದಿಸುವ ಕೆಲಸ) ಜೋರಾಗಿದೆ. 1997ರ ಸಿಡಿ ಅದಕ್ಕಿಂತ ತಗ್ಗು. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ‘ಚಲೋ’ ಅನ್ನುತ್ತದೆ. ಆ್ಯಪ್‌ನಲ್ಲಿ ಎಲ್ಲ ಹಾಡಿನ ಸದ್ದು ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ, ಈಕ್ವಲೈಜರ್ ಆಫ್ ಮಾಡಿ. ‘ಬಾಡಿಸ್ನ್ಯಾಚರ್ಸ್’ ಹಾಡಿನ ಗರಗರ ಮಾತ್ರ ಆಗಲೂ ಹೋಗದು, ಅದರಲ್ಲಿ ಅರ್ಧ ಬೇಕೆಂದು ಮಾಡಿದ್ದು. ನಿಮ್ಮ ಸ್ಪೀಕರ್ ಒಡೆದಿಲ್ಲ.

ಪ್ರಶ್ನೆ: ನಮ್ಮ ಅಜ್ಜಾರು ತಬಲಾ ಬಾರಿಸ್ತಿದ್ರು. ನಾ ‘ಕಿಡ್ ಎ’ ಹಚ್ಚಿದಾಗ ಮೊದಲನೇ ಹಾಡು ಕೇಳಿ ‘ಏ, ಇದು ಝಪತಾಲ ಅದಲ್ಲೋ’ ಅಂದ್ರು. ಖರೇ ಏನ್ರಿ? ಎಷ್ಟು ಸಲ ಕೇಳಿದ್ರೂ ಈ ಆಲ್ಬಮ್ ನನಗ ತಲೀಗೆ ಹತ್ತವಲ್ದು. – ವಿಜಯಪುರ

ಉತ್ತರ: ಅಜ್ಜಾವರ ಕಿವಿಗೆ ಶರಣು. ‘ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’ ಹತ್ತು ಮಾತ್ರೆಯ ಸುತ್ತು, ಒಂದು ಆವರ್ತನಕ್ಕೆ ಹತ್ತಿರಹತ್ತಿರ ಐದು ಸೆಕೆಂಡ್. ಆದರೆ ಅದು ಝಪತಾಲ ಅಲ್ಲ. ಝಪತಾಲದ ಹತ್ತು ಎರಡು–ಮೂರು–ಎರಡು–ಮೂರು ಎಂದು ಒಡೆಯುತ್ತದೆ: ಧೀ ನಾ, ಧೀ ಧೀ ನಾ, ತೀ ನಾ, ಧೀ ಧೀ ನಾ. ಇಲ್ಲಿ ಖಾಲಿ (ಪೆಟ್ಟು ಬಿಡುವ ಜಾಗ) ಇಲ್ಲ, ವಿಭಾಗವೂ ಇಲ್ಲ. ಡ್ರಮ್ಮಿನ ಗುದ್ದು ಪ್ರತಿ ಮಾತ್ರೆಗೂ ಒಂದೇ ತೂಕದಲ್ಲಿ ಬೀಳುತ್ತದೆ. ನಾಲ್ಕರ ಲೆಕ್ಕಕ್ಕೆ ಒಗ್ಗಿದ ಕಿವಿ ಎಂಟಕ್ಕೆ ತಿರುಗಲು ಹೋಗಿ ಎಡವುತ್ತದೆ. ನಿಮಗೆ ಹತ್ತದಿರಲು ಒಂದು ಕಾರಣ ಇದೇ. ಕೀಬೋರ್ಡಿನ ಸುತ್ತು ಮರಳಿ ಬರುವ ಜಾಗವನ್ನು ಸಮ್ (ಸುತ್ತಿನ ಮೊದಲ ಮಾತ್ರೆ) ಮಾಡಿಕೊಂಡು ಬೆರಳ ಗೆಣ್ಣಿನ ಮೇಲೆ ಹತ್ತು ಎಣಿಸಿ. ನಾಲ್ಕು ಸುತ್ತು ಆಗುವಷ್ಟರಲ್ಲಿ ತಲೆ ತಾನೇ ತೂಗುತ್ತದೆ. ಇದೇ ಆಲ್ಬಮ್ಮಿನ ‘ಮಾರ್ನಿಂಗ್ ಬೆಲ್’, ‘ಇನ್ ರೇನ್‌ಬೋಸ್’ನ ‘ಫಿಫ್ಟೀನ್ ಸ್ಟೆಪ್’ ಎರಡೂ ಐದರವು. ಅಜ್ಜಾವರಿಗೆ ಅವನ್ನೂ ಕೇಳಿಸಿ.

ಎರಡನೆಯ ಕಾರಣ, 2000ದ ಅಕ್ಟೋಬರಿನಲ್ಲಿ ಬಂದ ಈ ಆಲ್ಬಮ್ಮಿನಿಂದ ಒಂದು ಸಿಂಗಲ್ಲೂ (ಬಿಡಿಹಾಡು) ಹೊರಬಿಡಲಿಲ್ಲ. ಹಿಡಿದುಕೊಳ್ಳಲು ಒಂದು ಹಾಡು ಎಂಬುದಿಲ್ಲ. ಹಾಗಾಗಿ ಮೊದಲ ಸಲ ಮೊದಲಿನಿಂದ ಕೇಳಬೇಡಿ. ನಾಲ್ಕನೆಯ ‘ಹೌ ಟು ಡಿಸ್‌ಅಪಿಯರ್ ಕಂಪ್ಲೀಟ್ಲಿ’ಯಿಂದ ಶುರು ಮಾಡಿ. ತಂತಿವಾದ್ಯಗಳ ನಡುವೆ ನರಳುವ ಇನ್ನೊಂದು ದನಿ ಕೇಳುತ್ತದೆ. ಅದು ಒಂದ್ ಮಾರ್ತನೋ, 1928ರಲ್ಲಿ ಜನರ ಮುಂದೆ ಬಂದ ಫ್ರೆಂಚ್ ವಿದ್ಯುತ್ ವಾದ್ಯ. ಕೀಲಿಗಳ ಮುಂದೆ ಎಳೆದ ತಂತಿಗೆ ಒಂದು ಉಂಗುರ ಇರುತ್ತದೆ. ಬೆರಳಿಗೆ ಉಂಗುರ ಹಾಕಿ ಆಚೆ ಈಚೆ ಸರಿಸಿದರೆ ಸ್ವರ ಕಡಿಯದೆ ಜಾರುತ್ತದೆ. ನಮ್ಮ ಮಾತಿನಲ್ಲಿ ಮೀಂಡ್. ನುಡಿಸುವವರು ತಂಡದ ಜಾನಿ ಗ್ರೀನ್‌ವುಡ್. ಇದು ಒಲಿದ ಮೇಲೆ ಆರನೆಯ ‘ಆಪ್ಟಿಮಿಸ್ಟಿಕ್’, ಎಂಟನೆಯ ‘ಇಡಿಯೋಟೆಕ್’. ಮರುದಿನ ಇಡೀ ಆಲ್ಬಮ್.

ಇಡೀ ಕೇಳುವಾಗ ಆ್ಯಪ್‌ನ ಕ್ರಾಸ್‌ಫೇಡ್ (ಒಂದು ಹಾಡಿನ ಬಾಲಕ್ಕೆ ಮುಂದಿನದರ ತಲೆ ಬೆರೆಸುವುದು) ಸೊನ್ನೆಗೆ ಇಳಿಸಿ, ಗ್ಯಾಪ್‌ಲೆಸ್ ಆನ್ ಇರಲಿ. ‘ಆಪ್ಟಿಮಿಸ್ಟಿಕ್’ ನೇರ ‘ಇನ್ ಲಿಂಬೋ’ಗೆ, ‘ಇಡಿಯೋಟೆಕ್’ ನೇರ ‘ಮಾರ್ನಿಂಗ್ ಬೆಲ್’ಗೆ ಬೆಸೆದುಕೊಂಡಿವೆ. ನಡುವೆ ಅರ್ಧ ಸೆಕೆಂಡ್ ಬಿಟ್ಟುಕೊಂಡರೂ ಕಟ್ಟಿದ್ದು ಕೆಡುತ್ತದೆ. ಶಫಲ್ ಅಂತೂ ಬೇಡವೇ ಬೇಡ. ಕೊನೆಯ ಹಾಡು ಮುಗಿಯಿತೆಂದು ಕೂಡಲೇ ನಿಲ್ಲಿಸಬೇಡಿ, ಮೌನದ ಆಚೆ ಒಂದು ಸಣ್ಣ ತುಣುಕು ಇದೆ.

ಪ್ರಶ್ನೆ: ‘ಅಮ್ನೀಸಿಯಾಕ್’ ಅಂದ್ರ ‘ಕಿಡ್ ಎ’ ಮಾಡಿ ಉಳಿದಿದ್ದ ತಂಗಳ ಅಲ್ಲೇನ್ರಿ? – ಮುಧೋಳ

ಉತ್ತರ: ಒಂದೇ ಒಲೆಯ ಮೇಲಿನ ಎರಡು ಪಾತ್ರೆ ಅನ್ನಿ. ಎರಡೂ ಅದೇ ದಿನಗಳ ರೆಕಾರ್ಡಿಂಗ್, ಇದು 2001ರ ಜೂನಿನಲ್ಲಿ ಬಂತು. ಹಾಡುಗಳ ಜೋಡಣೆ ಸಡಿಲ ಎಂಬುದು ನಮ್ಮ ದೂರು ಕೂಡ. ‘ಮಾರ್ನಿಂಗ್ ಬೆಲ್’ ಐದರ ಲಯ ಬಿಟ್ಟು ನಾಲ್ಕರಲ್ಲಿ ಇಲ್ಲಿ ಮತ್ತೆ ಬರುವುದು ಅನವಶ್ಯ. ಆದರೆ ‘ಪಿರಮಿಡ್ ಸಾಂಗ್’ ಇರುವ ಆಲ್ಬಮ್ಮಿಗೆ ತಂಗಳ ಅನ್ನುವುದು ಅನ್ಯಾಯ.

ಆ ಪಿಯಾನೋ ಎಣಿಸಿ ನೋಡಿ. ಹದಿನಾರು ಮಾತ್ರೆ, ಐದು ಪೆಟ್ಟು: ಮೂರು, ಮೂರು, ನಾಲ್ಕು, ಮೂರು, ಮೂರು. ಹಿಂದಿನಿಂದ ಎಣಿಸಿದರೂ ಅದೇ. ಪೆಟ್ಟು ಬೀಳುವುದು 1, 4, 7, 11, 14ನೇ ಮಾತ್ರೆಗೆ. ನಮ್ಮ ಹದಿನಾರು ಮಾತ್ರೆಯ ತೀನತಾಲದ ಪೆಟ್ಟು ಮತ್ತು ಖಾಲಿ ಇರುವುದು 1, 5, 9, 13ಕ್ಕೆ. ಸಮ್ ಒಂದೇ ಕೂಡುತ್ತದೆ, ಉಳಿದವೆಲ್ಲ ಒಂದರ ಪಕ್ಕ ಒಂದು ತಪ್ಪಿಸಿಕೊಂಡು ಓಡಾಡುತ್ತವೆ. ಒಬ್ಬರು ತೀನತಾಲ ಹಿಡಿಯಿರಿ, ಇನ್ನೊಬ್ಬರು ಪಿಯಾನೋದ ಪೆಟ್ಟಿಗೆ ಮೇಜು ಬಡಿಯಿರಿ. ಸುಮಾರು ಎರಡು ನಿಮಿಷಕ್ಕೆ ಫಿಲ್ ಸೆಲ್ವೇ ಡ್ರಮ್ ಹಿಡಿದು ಬರುತ್ತಾರೆ. ಅಲ್ಲಿಯವರೆಗೆ ಕೈ ತಪ್ಪದಿದ್ದರೆ ಮುಂದೆ ತಪ್ಪುವುದಿಲ್ಲ.

ಪ್ರಶ್ನೆ: ಕಾಲೇಜ್ ಗ್ಯಾದರಿಂಗ್‌ಗೆ ‘ಕ್ರೀಪ್’ ಕೂರಿಸಾಕತ್ತೇವಿ. ನಾಕು ಕಾರ್ಡ್ ಅಷ್ಟ ಅದಾವು, ಆದ್ರೂ ರೆಕಾರ್ಡಿನಾಗಿನ ಆ ಚುರುಕ್ ಅನ್ನೂದು ಬರವಲ್ದು. ಎಲ್ಲಿ ತಪ್ಪಾಕತ್ತೈತಿ? – ಗೋಕಾಕ

ಉತ್ತರ: ಎರಡನೆಯ ಕಾರ್ಡಿನಲ್ಲಿ (ಕಾರ್ಡ್ ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು), ನೂರಕ್ಕೆ ತೊಂಬತ್ತು ಹುಡುಗರು ತಪ್ಪುವ ಜಾಗ ಅದು. ಕಾರ್ಡುಗಳು ಜಿ ಮೇಜರ್, ಬಿ ಮೇಜರ್, ಸಿ ಮೇಜರ್, ಸಿ ಮೈನರ್. ಒಂದೊಂದೂ ನಾಲ್ಕು ಮಾತ್ರೆಯ ಎರಡೆರಡು ಬಾರ್. ಜಿ ಆದ ಮೇಲೆ ಬೆರಳು ರೂಢಿಯಂತೆ ಬಿ ಮೈನರ್‌ಗೆ ಹೋಗುತ್ತದೆ, ಹಾಡು ಅಲ್ಲೇ ಸಪ್ಪೆಯಾಗುತ್ತದೆ.

ಎರಡನೆಯ ತಂತಿಯೊಂದನ್ನೇ ಮೀಟಿ ನೋಡಿ: ಜಿ ಹಿಡಿದಾಗ 3ನೇ ಫ್ರೆಟ್, ಬಿ ಮೇಜರ್‌ಗೆ 4, ಸಿ ಮೇಜರ್‌ಗೆ 5, ಸಿ ಮೈನರ್‌ಗೆ ಮರಳಿ 4. ಬಿಳಿ ಐದು ಪಟ್ಟಿಯಲ್ಲಿ ಹಾರ್ಮೋನಿಯಂ ಇಟ್ಟರೆ ಇದು ಪಂಚಮ, ಕೋಮಲ ಧೈವತ, ಶುದ್ಧ ಧೈವತ, ಮತ್ತೆ ಕೋಮಲ ಧೈವತ. ಆ ಚುರುಕ್ ಇರುವುದು ಧೈವತ ಹತ್ತಿ ಇಳಿಯುವುದರಲ್ಲಿ. ಬಿ ಮೈನರ್ ಹಿಡಿದರೆ ಎರಡನೆಯ ತಂತಿ 3ನೇ ಫ್ರೆಟ್ಟಿನಲ್ಲೇ ಕೂರುತ್ತದೆ, ಏರು ಇಲ್ಲದೆ ಹೋಗುತ್ತದೆ.

ಹಿಡಿಯುವ ಕ್ರಮ: ಜಿಗೆ ಎರಡನೆಯ ತಂತಿಯನ್ನೂ 3ನೇ ಫ್ರೆಟ್ಟಿನಲ್ಲಿ ಒತ್ತಿ. ಬಿಗೆ ತೋರುಬೆರಳು 2ನೇ ಫ್ರೆಟ್ಟಿಗೆ ಅಡ್ಡ, ಉಂಗುರಬೆರಳು 4ನೇ ಫ್ರೆಟ್ಟಿನಲ್ಲಿ ನಡುವಿನ ಮೂರು ತಂತಿಗೆ ಅಡ್ಡ. ಸಿಗೆ ಆ ಹಿಡಿತವನ್ನೇ ಒಂದು ಫ್ರೆಟ್ ಮುಂದೆ ಸರಿಸಿ. ಸಿ ಮೈನರ್‌ಗೆ ಎರಡನೆಯ ತಂತಿ 5ರಿಂದ 4ಕ್ಕೆ ಇಳಿದರೆ ಆಯಿತು. ಕೋರಸ್‌ಗೆ ಮುಂಚಿನ ಆ ‘ಖರಕ್ ಖರಕ್’ ಕಾರ್ಡ್ ಅಲ್ಲ: ಎಡಗೈ ತಂತಿಗಳ ಮೇಲೆ ಒತ್ತದೆ ಸುಮ್ಮನೆ ಮಲಗಿಸಿ, ಡಿಸ್ಟಾರ್ಷನ್ ಪೂರ್ತಿ ಏರಿಸಿ, ಬಲಗೈಯಿಂದ ಹೊಡೆಯಿರಿ. ಅಕೌಸ್ಟಿಕ್ ಗಿಟಾರಿನಲ್ಲಿ ಅದು ಬಾರದು, ಅದಕ್ಕಾಗಿ ತಂತಿ ಹರಿದುಕೊಳ್ಳಬೇಡಿ.

ಇದು ಬಂದ ಆಲ್ಬಮ್ 1993ರ ‘ಪ್ಯಾಬ್ಲೋ ಹನಿ’. ಒಂಬತ್ತರಲ್ಲಿ ಕೊನೆಯ ಸ್ಥಾನ ಅದಕ್ಕೆ ಎಂಬುದರಲ್ಲಿ ಮಾತ್ರ ನಮ್ಮ ಓದುಗರೆಲ್ಲ ಒಂದೇ ಪಕ್ಷ.

ಪ್ರಶ್ನೆ: ಅಣ್ಣನ ಹಳೇ ಹಾರ್ಡ್ ಡಿಸ್ಕಿನಾಗ 2007ರ ‘ಇನ್ ರೇನ್‌ಬೋಸ್’ ಡೌನ್‌ಲೋಡ್ ಫೈಲ್ ಅದಾವು. ಸಿಡಿಗೂ ಅದಕ್ಕೂ ಫರಕ್ ಐತಿ ಅಂತಾನ. ನನಗ ಗೊತ್ತಾಗವಲ್ದು. – ನವನಗರ, ಬಾಗಲಕೋಟೆ

ಉತ್ತರ: 2007ರ ಅಕ್ಟೋಬರ್ 10ರಂದು ‘ನಿಮಗೆ ತಿಳಿದಷ್ಟು ಕೊಡಿ’ ಎಂದು ತಂಡವೇ ಬಿಟ್ಟ ಫೈಲುಗಳು ಅವು. 160 ಕೆಬಿಪಿಎಸ್ ಎಂಪಿ3, ಹತ್ತೂ ಸೇರಿ 50 ಎಂಬಿಯ ಆಸುಪಾಸು. ಸಿಡಿಯಲ್ಲಿ ಅದೇ ಸಂಗೀತ 450 ಎಂಬಿ ಹಿಡಿಯುತ್ತದೆ. ಫರಕ್ ಹುಡುಕುವುದಾದರೆ ಏಳನೆಯ ‘ರೆಕನರ್’ ಹಚ್ಚಿ. ಶುರುವಿನಿಂದಲೇ ಗಲಗಲಿಸುವ ತಾಳ, ಗಿಲಕಿಗಳ ತುದಿ ಎಂಪಿ3ಯಲ್ಲಿ ತುಸು ಕಲಸಿದಂತೆ ಕೇಳಬಹುದು. ಬ್ಲೂಟೂತ್ ಬೇಡ, ಅದು ಮತ್ತೊಮ್ಮೆ ಹಿಂಡುತ್ತದೆ. ವೈರಿನ ಇಯರ್‌ಫೋನ್ ಹಾಕಿ. ಎಂಪಿ3ಯನ್ನು ಸದ್ದು ಕಳೆಯದೆ ಕೂಡಿಡುವ ಫ್ಲ್ಯಾಕ್‌ಗೆ ತಿರುಗಿಸಿದರೆ ಫೈಲ್ ದಪ್ಪವಾಗುತ್ತದೆ, ಹೋದ ಸದ್ದು ಬರುವುದಿಲ್ಲ.

ಅಣ್ಣನ ಮಾತು ಪರೀಕ್ಷಿಸುವ ದಾರಿ: ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಒಂದೇ ಸದ್ದಿನಲ್ಲಿ ಅದೇ ಮೂವತ್ತು ಸೆಕೆಂಡ್ ಹತ್ತು ಸಲ ಕೇಳಿಸಿ. ಯಾವ ಸಲ ಯಾವುದು ಎಂದು ನಾಣ್ಯ ಚಿಮ್ಮಿ ಗೊತ್ತು ಮಾಡಿ, ಬರೆದಿಡಿ. ಒಂಬತ್ತಾದರೂ ಸರಿ ಹೇಳಿದರೆ ಒಪ್ಪಿಕೊಳ್ಳಿ. ಬರೀ ಊಹೆಯಿಂದ ಅಷ್ಟು ಸರಿಬೀಳುವುದು ನೂರರಲ್ಲಿ ಒಂದು ಸಲ. ಆರೇಳು ಸರಿ ಹೇಳಿದರೆ ಚಹಾದ ಖರ್ಚು ಅಣ್ಣನದು.

ಪ್ರಶ್ನೆ: ‘ಓಕೆ ಕಂಪ್ಯೂಟರ್’ ಎಲ್‌ಪಿ ತರಿಸೀನಿ. ಒಂದ ಜಾಗಾದಾಗ ಸೂಜಿ ಜಿಗೀತೈತಿ. ತಲೀ ಮ್ಯಾಲ ಒಂದು ರೂಪಾಯಿ ನಾಣ್ಯ ಇಟ್ರ ಸರಿ ಆಗ್ತೈತಿ, ಇಡ್ಲೇನು? – ಇಳಕಲ್ಲ

ಉತ್ತರ: ನಾಣ್ಯ ತೆಗೆಯಿರಿ. ಸೂಜಿ ಸುಮ್ಮನಾಗುತ್ತದೆ, ಆದರೆ ಹಾಡು ಕೊರೆದ ಗೀರು ಸವೆಯುತ್ತದೆ. ಮೊದಲು ಧೂಳು ನೋಡಿ. ಮೂರು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆ ಬಟ್ಟೆಯಿಂದ ಗೀರಿನ ಗುಂಟ, ಸುತ್ತು ಸುತ್ತಾಗಿ ಒರೆಸಿ. ಅಡ್ಡ ಒರೆಸಬೇಡಿ. ಮನೆಯಲ್ಲಿ ನಾಟಕದ ಪದಗಳ ಹಳೆಯ 78 ಆರ್‌ಪಿಎಂ ತಟ್ಟೆಗಳಿದ್ದರೆ ಈ ನೀರು ಅವಕ್ಕೆ ಸೋಕಿಸಬೇಡಿ: ಅವು ಅರಗಿನವು, ಆಲ್ಕೋಹಾಲ್ ಅವನ್ನು ಕರಗಿಸುತ್ತದೆ.

ಧೂಳು ಹೋದರೂ ಜಿಗಿದರೆ ಸೂಜಿ ಹಿಡಿದ ತೋಳಿನ ಭಾರ ಕಮ್ಮಿ ಇರಬಹುದು. ಹಿಂದಿನ ತೂಕ ತಿರುಗಿಸಿ ತೋಳು ತಾನಾಗಿ ಅಡ್ಡಲಾಗಿ ತೇಲುವಂತೆ ಮಾಡಿ, ಬರೀ ಅಂಕಿಯ ಉಂಗುರ ಸೊನ್ನೆಗೆ ತನ್ನಿ, ಆಮೇಲೆ ತೂಕವನ್ನು ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಜೊತೆ ಬಂದ ಕಾಗದದಲ್ಲಿ ಬರೆದಷ್ಟಕ್ಕೆ ತಿರುಗಿಸಿ, ಸಾಮಾನ್ಯವಾಗಿ 1.5ರಿಂದ 2.5 ಗ್ರಾಂ. ಆಗಲೂ ಜಿಗಿದರೆ ತಟ್ಟೆಯನ್ನು ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಡೊಂಕಿರಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಅಟ್ಟದ ಮೇಲಿಟ್ಟರೆ, ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಆಗುವುದೇ ಅದು. ಎಲ್‌ಪಿ ನಿಲ್ಲಿಸಿ ಇಡಬೇಕು, ಒಂದರ ಮೇಲೊಂದು ಪೇರಿಸಬಾರದು.

ಪ್ರಶ್ನೆ: ‘ದ ಕಿಂಗ್ ಆಫ್ ಲಿಂಬ್ಸ್’ ಅಷ್ಟು ಕೆಟ್ಟದೈತೇನು? – ಅಥಣಿ

ಉತ್ತರ: ಕೆಟ್ಟದಲ್ಲ, ಅರೆಬೆಂದದ್ದು. 2011ರ ಎಂಟು ಹಾಡು, 37 ನಿಮಿಷ. ಲೂಪ್‌ಗಳ ಮೇಲೆ ಲೂಪ್ (ಸುತ್ತಿ ಸುತ್ತಿ ಮರಳುವ ತುಣುಕು) ಹೇರಿ ಉಸಿರು ಕಟ್ಟಿದೆ. ಅದೇ ವರ್ಷದ ‘ಲೈವ್ ಫ್ರಮ್ ದ ಬೇಸ್‌ಮೆಂಟ್’ ಹುಡುಕಿ ನೋಡಿ. ಕ್ಲೈವ್ ಡೀಮರ್ ಎರಡನೆಯ ಡ್ರಮ್ ಹಿಡಿದಿದ್ದಾರೆ, ಅವೇ ಹಾಡುಗಳು ಎದ್ದು ಕುಣಿಯುತ್ತವೆ.

ಪ್ರಶ್ನೆ: ‘ಹೇಲ್ ಟು ದ ಥೀಫ್’ ಉದ್ದ ಆತು ಅನ್ನಸ್ತದ. ಯಾವ ಹಾಡು ತಗೀಬೇಕು? – ಇಂಡಿ

ಉತ್ತರ: 14 ಹಾಡು, 56 ನಿಮಿಷ, ಉದ್ದವೇ. ಥಾಮ್ ಯಾರ್ಕ್ ಅವರೇ ಆಮೇಲೆ ಹತ್ತು ಹಾಡಿನ ಪಟ್ಟಿ ಹಾಕಿದ್ದರು. ಬಿಟ್ಟವು ‘ಬ್ಯಾಕ್‌ಡ್ರಿಫ್ಟ್ಸ್’, ‘ವಿ ಸಕ್ ಯಂಗ್ ಬ್ಲಡ್’, ‘ಐ ವಿಲ್’, ‘ಎ ಪಂಚಪ್ ಅಟ್ ಎ ವೆಡ್ಡಿಂಗ್’. ಮೊದಲ ಮೂರಕ್ಕೆ ನಮ್ಮ ಒಪ್ಪಿಗೆ ಇದೆ. ನಾಲ್ಕನೆಯದನ್ನು ನಾವಾದರೆ ಉಳಿಸಿಕೊಳ್ಳುತ್ತಿದ್ದೆವು, ಅದರ ಬೇಸ್ ಗಿಟಾರಿಗಾಗಿ.