ನೆತ್ತರಿನ ದಾರಿ ಮುಚ್ಚಿದರೆ ನೋವು ನಿಲ್ಲುತ್ತದೆಯೇ?

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಹದಿನಾರರ ವಯಸ್ಸಿನಿಂದ ಮುಟ್ಟಿನ ದಿನಗಳಲ್ಲಿ ಹಾಸಿಗೆ ಹಿಡಿಸುವ ನೋವು, ‘ಹೆಣ್ಣುಮಕ್ಕಳಿಗೆಲ್ಲ ಇರುವುದೇ’ ಎಂಬ ಮಾತು, ಇಪ್ಪತ್ತೇಳಕ್ಕೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ವಿಧಾನ) ಮಾಡಿದಾಗ ಸಿಕ್ಕಿದ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಎಂಬ ಹೆಸರು, ಎರಡೇ ವರ್ಷದಲ್ಲಿ ಮರಳಿ ಬಂದ ಕಾಯಿಲೆ. ಕೊನೆಗೆ ನೀವು ಕೇಳುತ್ತೀರಿ: ‘ಈ ಅಂಗಾಂಶ ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡು ಬದುಕುತ್ತದೆ ಎಂದು ನಿಮ್ಮ ಲೇಖನದಲ್ಲಿ ಒಂದು ಸಾಲು ಇತ್ತು. ಹಾಗಿದ್ದರೆ ಆ ನಾಳಗಳನ್ನೇ ತಡೆಯುವ ಔಷಧಿಯನ್ನು ನನಗೇಕೆ ಕೊಡುತ್ತಿಲ್ಲ? ಅದು ಸಿಕ್ಕರೆ ಹಾರ್ಮೋನ್ ಮಾತ್ರೆ ಬಿಡಬಹುದೇ?’

ಇಷ್ಟು ದೊಡ್ಡ ವಿಷಯವನ್ನು ಒಂದು ಸಾಲಿನಲ್ಲಿ ದಾಟಿಸಿದ್ದು ನಮ್ಮ ತಪ್ಪು. ಮೊದಲು ಮಾತ್ರೆಯ ಮಾತು: ವೈದ್ಯರನ್ನು ಕೇಳದೆ ದಯವಿಟ್ಟು ಬಿಡಬೇಡಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರ ಕಳಚಿ ಹೊರಗೆ ಹರಿಯುವಾಗ, ಅದರ ಕೆಲವು ಚೂರುಗಳು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೂ ಸೇರುತ್ತವೆ. ಕಾಯಿಲೆಯ ಮೂಲ ಇದೇ ಎಂದು 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ವಾದಿಸಿದರು. ಇಂದಿಗೂ ಹೆಚ್ಚು ಒಪ್ಪಿಗೆ ಪಡೆದ ವಿವರಣೆ ಅದೇ. ಆದರೆ ಹಿಮ್ಮುಖ ಹರಿವು ಬಹುಪಾಲು ಮಹಿಳೆಯರಲ್ಲಿ ಇರುತ್ತದೆ, ಕಾಯಿಲೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಆ ಚೂರುಗಳು ಸತ್ತು ಕರಗುತ್ತವೆ. ಅವನ್ನು ಗುಡಿಸಿಹಾಕುವ ರೋಗನಿರೋಧಕ ಕೋಶಗಳ ಪಾತ್ರ ಇದರಲ್ಲಿ ದೊಡ್ಡದು. ಚೂರು ಬೇರೂರುತ್ತದೋ ಇಲ್ಲವೋ ಎಂಬುದು ಅದಕ್ಕೆ ನೆತ್ತರು ಸಿಗುವುದರ ಮೇಲೂ ನಿಂತಿದೆ.

ರಕ್ತನಾಳದಿಂದ ಆಮ್ಲಜನಕ ಹರಡಬಲ್ಲದ್ದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ದೂರಕ್ಕೆ ಮಾತ್ರ. ಅದರಾಚೆಗಿನ ಜೀವಕೋಶಕ್ಕೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಕೋಶ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅಕ್ಕಪಕ್ಕದ ನಾಳಗಳಿಗೆ ಅದು ಕರೆ ಇದ್ದಂತೆ. ಅವು ಆ ಕಡೆಗೆ ಕವಲೊಡೆಯುತ್ತವೆ. ಈ ಕಾಯಿಲೆ ಇರುವ ಮಹಿಳೆಯರ ಹೊಟ್ಟೆಯೊಳಗಿನ ದ್ರವದಲ್ಲಿ ವಿಇಜಿಎಫ್ ಹೆಚ್ಚಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಅದನ್ನು ಇನ್ನಷ್ಟು ಏರಿಸುತ್ತದೆ. ಗುಡಿಸಲು ಬಂದ ರೋಗನಿರೋಧಕ ಕೋಶಗಳೂ ಇಲ್ಲಿ ವಿಇಜಿಎಫ್ ಸುರಿಸಿ ಚೂರಿಗೆ ನೆರವಾಗಿಬಿಡುತ್ತವೆ. ಹೀಗೆ ಬೇರೂರಿದ ಚೂರುಗಳೇ ಗಂಟುಗಳು. ಲ್ಯಾಪರೊಸ್ಕೋಪಿಯಲ್ಲಿ ಕೆಂಪಾಗಿ ಕಾಣುವ ಗಂಟುಗಳಲ್ಲಿ ನಾಳಗಳು ದಟ್ಟ. ಹಳೆಯದಾಗುತ್ತ ಅವು ಕಪ್ಪಾಗಿ, ಬಿಳಿಯ ಕಲೆಯಾಗಿ ಉಳಿಯುತ್ತವೆ.

ನಾಳಗಳ ಜೊತೆಗೆ ಸಣ್ಣ ನರಗಳೂ ಆ ಗಂಟಿನೊಳಗೆ ಬೆಳೆಯುತ್ತವೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ‘ಇಷ್ಟು ಚಿಕ್ಕ ಗಂಟಿಗೆ ಅಷ್ಟು ನೋವೇ ಎಂದು ಅನುಮಾನಿಸಿದರು’ ಎಂದು ನೀವು ಬರೆದಿದ್ದೀರಿ. ಈ ಕಾಯಿಲೆಯಲ್ಲಿ ಗಂಟಿನ ಗಾತ್ರಕ್ಕೂ ನೋವಿನ ತೀವ್ರತೆಗೂ ತಾಳೆಯಾಗುವುದಿಲ್ಲ. ನಿಮ್ಮ ನೋವು ನಿಜ.

ಇನ್ನು ಔಷಧಿ. ಹೊಸ ನಾಳಗಳಿಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಲಾರದು, ಆದ್ದರಿಂದ ನಾಳಗಳನ್ನು ತಡೆಯೋಣ ಎಂದು ಅಮೆರಿಕದ ಶಸ್ತ್ರಚಿಕಿತ್ಸಕ ಜೂಡಾ ಫೋಕ್‌ಮನ್ 1971ರಲ್ಲಿ ಬರೆದರು. ಅವರು ಹೇಳಿದ್ದು ಕ್ಯಾನ್ಸರ್ ಗಡ್ಡೆಯ ಬಗ್ಗೆ. ನಿಮ್ಮದು ಕ್ಯಾನ್ಸರ್ ಅಲ್ಲ, ಆದರೂ ತರ್ಕ ಹೊಂದುತ್ತದೆ. ವಿಇಜಿಎಫ್ ಅನ್ನು ಕಟ್ಟಿಹಾಕುವ ಬೆವಾಸಿಜುಮ್ಯಾಬ್ ಎಂಬ ಔಷಧಿ 2004ರಲ್ಲಿ ಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇಲಿಗಳಲ್ಲಿ ಎಂಡೊಮೆಟ್ರಿಯೋಸಿಸ್ ಉಂಟುಮಾಡಿ ನಾಳತಡೆ ಔಷಧಿಗಳನ್ನು ಕೊಟ್ಟಾಗ ಗಂಟುಗಳು ಕುಗ್ಗಿವೆ.

ಹಾಗಾದರೆ ತಡೆ ಎಲ್ಲಿದೆ? ವಯಸ್ಕ ದೇಹದಲ್ಲಿ ಹೊಸ ರಕ್ತನಾಳ ಹುಟ್ಟುವುದೇ ಅಪರೂಪ. ಗಾಯ ಮಾಯುವಾಗ ಹುಟ್ಟುತ್ತವೆ. ಅದು ಬಿಟ್ಟರೆ ಹೆಚ್ಚಾಗಿ ಹೆಣ್ಣಿನ ಸಂತಾನಾಂಗಗಳಲ್ಲೇ: ತಿಂಗಳು ತಿಂಗಳೂ ಚಿಗುರುವ ಗರ್ಭಕೋಶದ ಒಳಪದರದಲ್ಲಿ, ಅಂಡ ಬಿಡುಗಡೆಯಾದ ಜಾಗದಲ್ಲಿ, ಮುಂದೆ ಮಾಸುವಿನಲ್ಲಿ. ಗಂಟಿಗೆ ನೆತ್ತರು ತಡೆಯುವ ಔಷಧಿ ಇವುಗಳನ್ನೂ ತಡೆಯಬಲ್ಲದು. 1950ರ ದಶಕದ ಕೊನೆಯಿಂದ 1960ರ ದಶಕದ ಆರಂಭದವರೆಗೆ ಗರ್ಭಿಣಿಯರು ಥ್ಯಾಲಿಡೊಮೈಡ್ ಎಂಬ ನಿದ್ದೆ ಮತ್ತು ವಾಂತಿ ತಡೆಯ ಔಷಧಿ ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಬೆಳೆಯದ ಕೈಕಾಲುಗಳೊಂದಿಗೆ ಹುಟ್ಟಿದವು. ಅದು ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು 1994ರಲ್ಲಿ ಫೋಕ್‌ಮನ್ ಅವರ ಪ್ರಯೋಗಾಲಯದಿಂದಲೇ ತಿಳಿದುಬಂತು. ಮಗು ಬೇಕೆಂದು ನೀವು ಬರೆದಿದ್ದೀರಿ. ಹಾಗಾಗಿ ಈ ಎಚ್ಚರಿಕೆ ನಿಮ್ಮ ಪಾಲಿಗೆ ಅತಿಯೆನಿಸದು.

ಇನ್ನೊಂದು ತೊಡಕೂ ಇದೆ. ಎಳೆಯ ನಾಳ ವಿಇಜಿಎಫ್ ಇಲ್ಲದಿದ್ದರೆ ಬಾಡುತ್ತದೆ. ಬಲಿತ ನಾಳವನ್ನು ಆಸರೆಯ ಕೋಶಗಳು ಸುತ್ತಿಕೊಂಡಿರುವುದರಿಂದ ಅದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಳೆಯ ಗಂಟುಗಳಲ್ಲಿರುವುದು ಹೆಚ್ಚಾಗಿ ಬಲಿತವೇ. ರಕ್ತದೊತ್ತಡದ ಏರಿಕೆ, ರಕ್ತಸ್ರಾವ, ಮಾಯದ ಗಾಯ ಮುಂತಾದ ಅಡ್ಡಪರಿಣಾಮಗಳನ್ನು ಕ್ಯಾನ್ಸರ್ ರೋಗಿ ಸಹಿಸಿಕೊಳ್ಳಬಹುದು. ಹತ್ತಿಪ್ಪತ್ತು ವರ್ಷ ಚಿಕಿತ್ಸೆ ಬೇಕಾಗಬಹುದಾದ ನಿಮ್ಮಂಥವರ ಮೇಲೆ ಆ ಭಾರ ಹೊರಿಸುವುದು ನನಗೂ ಸರಿಯೆನಿಸುವುದಿಲ್ಲ.

ಸೌಮ್ಯವಾದ ದಾರಿಗಳ ಹುಡುಕಾಟ ನಡೆದಿದೆ. ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಇಳಿಸಲು ಬಳಸುವ ಕ್ಯಾಬರ್ಗೋಲಿನ್ ವಿಇಜಿಎಫ್‌ನ ಕರೆಯನ್ನು ಮಂದಗೊಳಿಸುತ್ತದೆ, ಪ್ರಾಣಿಗಳಲ್ಲಿ ಗಂಟುಗಳನ್ನು ಕುಗ್ಗಿಸಿದೆ. ಆದರೆ ಅದು ಇನ್ನೂ ಈ ಕಾಯಿಲೆಗೆ ನಿಗದಿತ ಚಿಕಿತ್ಸೆಯಲ್ಲ. ಗ್ರೀನ್ ಟೀ ಸಾರದ ಗುಳಿಗೆ ತರಿಸಲೇ ಎಂದು ಕೇಳಿದ್ದೀರಿ, ಬೇಡ. ಇಲಿಗಳಲ್ಲಿ ಫಲ ಕಂಡಿದೆ ನಿಜ, ಹೆಚ್ಚು ಪ್ರಮಾಣದಲ್ಲಿ ಅದು ಯಕೃತ್ತಿಗೆ ಹಾನಿ ಮಾಡಬಲ್ಲದು.

ಈಗ ನಿಮ್ಮ ಮಾತ್ರೆ. ಅದು ಡೈನೊಜೆಸ್ಟ್, ಅಂದರೆ ಪ್ರೊಜೆಸ್ಟಿರಾನ್ ಎಂಬ ಹೆಣ್ಣಿನ ಹಾರ್ಮೋನಿನಂತೆ ಕೆಲಸ ಮಾಡುವ ಪ್ರೊಜೆಸ್ಟಿನ್ ಗುಂಪಿನದು. ಈಸ್ಟ್ರೊಜೆನ್ ಪ್ರಭಾವವನ್ನು ತಗ್ಗಿಸುವ ಮೂಲಕ ಅದು ಗಂಟುಗಳಿಗೆ ಹೊಸ ನಾಳ ಬೆಳೆಯುವುದನ್ನೂ ತಗ್ಗಿಸುತ್ತದೆ. ನೀವು ಹುಡುಕುತ್ತಿರುವ ಪರಿಣಾಮದ ಒಂದು ಪಾಲು ಈಗಾಗಲೇ ನಿಮ್ಮ ಕೈಯಲ್ಲಿದೆ. ಗರ್ಭ ಧರಿಸಲು ಯಾವಾಗ ಪ್ರಯತ್ನಿಸಬೇಕೆಂದಿದ್ದೀರಿ ಎಂಬುದನ್ನು ವೈದ್ಯರಿಗೆ ತಿಳಿಸಿ, ಮಾತ್ರೆ ನಿಲ್ಲಿಸುವ ದಿನವನ್ನು ಅವರೊಂದಿಗೇ ನಿರ್ಧರಿಸಿ.

ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ, ಹದಿನೈದರ ತಂಗಿಗೂ ಇದೇ ನೋವು ಶುರುವಾಗಿದೆ ಎಂದು ಬರೆದಿದ್ದೀರಿ. ಅಕ್ಕನಿಗೆ ಇದ್ದರೆ ತಂಗಿಗೆ ಬರುವ ಸಾಧ್ಯತೆ ಹೆಚ್ಚು. ಅವಳನ್ನು ಈ ತಿಂಗಳೇ ಸ್ತ್ರೀರೋಗ ತಜ್ಞರ ಬಳಿಗೆ ಕರೆದೊಯ್ಯಿರಿ, ನಿಮ್ಮ ಕಾಯಿಲೆಯ ಹೆಸರನ್ನು ಮೊದಲ ಮಾತಿನಲ್ಲೇ ಹೇಳಿ. ನೀವು ಕಾದ ಹನ್ನೊಂದು ವರ್ಷ ಅವಳು ಕಾಯಬೇಕಾಗಿಲ್ಲ.

ನಿಮ್ಮ,
ಸಂಪಾದಕಿ