ಸೀತಾಳೆ ದಂಡೆಯೋ, ಏರಿಡಿಸೋ?

ಪ್ರಶ್ನೆ: ಪಶ್ಚಿಮ ಘಟ್ಟದ ಕಾಡಿನಲ್ಲಿ, ಮರದ ಕೊಂಬೆಯಿಂದ ಜೋತುಬಿದ್ದಿದ್ದ ಆರ್ಕಿಡ್ ಒಂದರ ಚಿತ್ರ ತೆಗೆದಿದ್ದೇನೆ. ಹೂಗಳ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿವೆ. ಒಬ್ಬರು ಅದನ್ನು ಸೀತಾಳೆ ದಂಡೆ ಎಂದರೆ ಇನ್ನೊಬ್ಬರು ಏರಿಡಿಸ್ ಎನ್ನುತ್ತಾರೆ. ಎಲೆಗಳನ್ನು ನೋಡಿ ತೀರ್ಮಾನಿಸಬಹುದೇ?

ಉತ್ತರ: ಎಲೆಗಳನ್ನು ನಂಬಿದರೆ ಮೋಸಹೋಗುವುದೇ ಹೆಚ್ಚು. ಸೀತಾಳೆ ದಂಡೆಯ ವೈಜ್ಞಾನಿಕ ಹೆಸರಾದ ರಿಂಕೋಸ್ಟೈಲಿಸ್ ರೆಟ್ಯೂಸಾದಲ್ಲಿನ ಎರಡನೆಯ ಪದಕ್ಕೆ ಮೊಂಡಾದ, ಕಚ್ಚು ಬಿದ್ದ ತುದಿಯುಳ್ಳದ್ದು ಎಂಬ ಅರ್ಥವಿದೆಯಾದರೂ, ಏರಿಡಿಸ್‌ನ ಪಟ್ಟಿಯಂಥ ಎಲೆಗಳ ತುದಿಯೂ ಹೀಗೆಯೇ ಸಮವಲ್ಲದ ಎರಡು ಭಾಗಗಳಾಗಿ ಸೀಳಿರುತ್ತದೆ. ಬಣ್ಣವೂ ಅಷ್ಟೇ, ಒಂದೇ ಜಾತಿಯ ಗಿಡಗಳಲ್ಲಿ ಅದು ತಿಳಿಯಾಗಿಯೂ ಗಾಢವಾಗಿಯೂ ಇರಬಹುದು. ಮುಂಗಾರಿನ ಆಸುಪಾಸಿನಲ್ಲಿ ಎರಡೂ ಅರಳುವುದರಿಂದ ಕಾಲದ ಲೆಕ್ಕವೂ ಕೈಗೊಡುವುದಿಲ್ಲ.

ನೋಡಬೇಕಾದದ್ದು ಹೂವಿನ ತುಟಿಯನ್ನು, ಅದೂ ಪಕ್ಕದಿಂದ. ತುಟಿಯೆಂದರೆ ಉಳಿದ ದಳಗಳಿಗಿಂತ ಭಿನ್ನ ಆಕಾರದ, ಹುಳುಗಳು ಬಂದು ಕೂರುವ ದಳ. ಸೀತಾಳೆ ದಂಡೆಯಲ್ಲಿ ಈ ತುಟಿ ಸೀಳಿಲ್ಲದ ಸರಳ ಪಟ್ಟಿಯಾಗಿದ್ದು, ಅದರ ಬುಡದಲ್ಲಿರುವ, ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ ಚೀಲ ಹೂವಿನ ಹಿಂದಕ್ಕೆ ಚಾಚಿರುತ್ತದೆ. ಏರಿಡಿಸ್‌ನ ತುಟಿಯಲ್ಲಿ ಮೂರು ಹಾಲೆಗಳಿರುತ್ತವೆ. ಬುಡದ ಟೊಳ್ಳು ಕೊಂಬು ಸಾಮಾನ್ಯವಾಗಿ ಮುಂದಕ್ಕೆ ಬಾಗಿರುತ್ತದೆ. ಎದುರಿನಿಂದ ತೆಗೆದ ಅಂದವಾದ ಚಿತ್ರಗಳಲ್ಲಿ ಈ ಭಾಗವೇ ಮರೆಯಾಗುತ್ತದೆ, ನಿಮ್ಮ ಸ್ನೇಹಿತರ ಜಗಳಕ್ಕೂ ಬಹುಶಃ ಅದೇ ಕಾರಣ.

ಗೊಂಚಲು ಎರಡನೆಯ ಸಾಕ್ಷಿ. ಸೀತಾಳೆ ದಂಡೆಯದು ಸಂದಿಯಿಲ್ಲದೆ ಹೆಣೆದಂತಿರುವ, ಕವಲೊಡೆಯದ ಉದ್ದನೆಯ ಬಾಲ. ಒಂದರಲ್ಲಿ 100ಕ್ಕೂ ಹೆಚ್ಚು ಹೂಗಳಿರಬಹುದು. ಏರಿಡಿಸ್‌ನಲ್ಲಿ ಹೂಗಳು ತುಸು ಬಿಡಿಬಿಡಿಯಾಗಿದ್ದು, ಕೆಲವೊಮ್ಮೆ ಗೊಂಚಲು ಕವಲೊಡೆಯುತ್ತದೆ.

ಏರಿಡಿಸ್ ಎಂದು ಖಚಿತವಾದ ಮೇಲೆ ಜಾತಿಯ ಪ್ರಶ್ನೆ ಏಳುತ್ತದೆ. ಘಟ್ಟಗಳಲ್ಲಿ ಹೆಚ್ಚಾಗಿ ಗೊಂದಲಕ್ಕೆಡೆಮಾಡುವವು ಏರಿಡಿಸ್ ಮ್ಯಾಕ್ಯುಲೋಸಾ ಮತ್ತು ಏರಿಡಿಸ್ ಕ್ರಿಸ್ಪಾ. ಮೊದಲನೆಯದರ ಕಾಂಡ ಗಿಡ್ಡ, ದಳಗಳ ಮೇಲೆ ನೇರಳೆ ಚುಕ್ಕೆಗಳು ಎದ್ದುಕಾಣುತ್ತವೆ. ಕ್ರಿಸ್ಪಾದ ಕಾಂಡ ಉದ್ದ, ಹೂ ದೊಡ್ಡದು, ತುಟಿಯ ನಡುಹಾಲೆಯ ಅಂಚು ಸಣ್ಣಗೆ ಹರಿದ ಝಾಲರಿಯಂತಿರುತ್ತದೆ.

ಇನ್ನೊಮ್ಮೆ ಹೋದಾಗ ಹೂವನ್ನು ಕೀಳದೆ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಇಡೀ ಗಿಡದ್ದೊಂದು ಚಿತ್ರ ತೆಗೆದು ಕಳುಹಿಸಿ.